ಬಾಲದ ಸ್ಕ್ರೂ ಮೇಲಿನ ಗೆರೆ

ಮೇಲಿನ ಮನೆಯ ಬಟ್ಟೆ ಒಗೆಯುವ ಯಂತ್ರ ಸುತ್ತು ಏರಿಸುತ್ತಿದೆ, ಏರಿಸುತ್ತಿದೆ, ಇನ್ನೇನು ನಡುಗಬೇಕು — ಇಲ್ಲ, ನಡುಗಲಿಲ್ಲ, ಒಂದೇ ಶ್ರುತಿಗೆ ಬಂದು ನಿಂತುಬಿಟ್ಟಿತು, ಅಷ್ಟು ದೊಡ್ಡ ಡ್ರಮ್ಮು, ಹೊಟ್ಟೆ ತುಂಬ ಒದ್ದೆ ಬಟ್ಟೆ, ಆದರೂ ಎಷ್ಟು ಸಮಾಧಾನವಾಗಿ ತಿರುಗುತ್ತದೆ, ಮತ್ತೆ ಇದಕ್ಕೇನು ಧಾಡಿ, ಊಟದ ಮೇಜಿನ ಮೇಲೆ ಹಳೇ ಪೇಪರು ಹಾಸಿಕೊಂಡು ಮಲಗಿರುವ ಇದಕ್ಕೆ, ಕೂಸಿನ ಹಾಗೆ ಒಂದೇ ತೋಳಿನಲ್ಲಿ ಎತ್ತಿಕೊಳ್ಳಬಹುದಾದ ಈ ಹೆಲಿಕಾಪ್ಟರಿಗೆ, ರಿಮೋಟು ಒತ್ತಿದರೆ ಹಾರಬೇಕಾದದ್ದು, ಹಾರದೇ ಹಟ ಹಿಡಿದು ಕೂತಿರುವುದು. ಅವಳು ಅಲೆನ್ ಕೀಯನ್ನು ಬೆರಳುಗಳ ನಡುವೆ ಹೊರಳಿಸುತ್ತಾಳೆ, ಸ್ಕ್ರೂ ತಿರುಗಿಸುವ ಆರು ಮೂಲೆಯ ಈ ಪುಟ್ಟ ಕಡ್ಡಿಗೆ ಅವನು, ಅವಳ ಗಂಡ, ಹಲ್ಲುಕಡ್ಡಿ ಅನ್ನುತ್ತಿದ್ದ, ಹಲ್ಲುಕಡ್ಡಿ ಕೊಡೇ, ಅದಲ್ಲ, ಚಿಕ್ಕದು, ಅದಕ್ಕಿಂತ ಚಿಕ್ಕದು, ಅವನಿದ್ದಾಗ ಅವಳ ಕೆಲಸ ಅಷ್ಟೇ, ಕೇಳಿದ್ದು ಕೊಡುವುದು, ಬಿದ್ದದ್ದು ಹುಡುಕುವುದು, ದೀಪ ಆರಿಸಿ ಟಾರ್ಚನ್ನು ನೆಲಕ್ಕೆ ಅಡ್ಡ ಹಿಡಿದರೆ ಕಳೆದುಹೋದ ಸ್ಕ್ರೂವಿನ ನೆರಳು ಉದ್ದಕ್ಕೆ ಬೀಳುತ್ತದೆ, ಅದನ್ನು ಕಂಡುಹಿಡಿದವಳು ಅವಳೇ. ಅವನು ಚೌಕಟ್ಟು, ಬಾಲ ಕಟ್ಟಿ ಹೋದ, ಹೋದ ಅಂದರೆ ಸತ್ತ, ಸತ್ತ ಅನ್ನಲು ಅವಳ ನಾಲಿಗೆ ತೊಡರುವುದಿಲ್ಲ, ಬೇರೆಯವರಿಗೇ ತೊಡರುತ್ತದೆ, ಹೀಗಾಯ್ತಲ್ಲಮ್ಮಾ ಅನ್ನುತ್ತಾರೆ, ಹೀಗೆ ಅಂದರೆ ಹೇಗೆ. ತಲೆ, ಮೋಟಾರು, ವೈರು, ಉಳಿದದ್ದೆಲ್ಲ ಅವಳು ಕಟ್ಟಿದ್ದು, ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಿಂದ ಸಂಜೆ ಬಂದು, ಕೈ ತೊಳೆದು, ಕೈಪಿಡಿಯ ಚಿತ್ರ ನೋಡಿಕೊಂಡು ದಿನಕ್ಕೊಂದಿಷ್ಟು, ಅತ್ತೆ ಟೀವಿಯ ಸದ್ದು ತಗ್ಗಿಸಿ ಕೇಳುತ್ತಿದ್ದರು, ಮುಗೀತಾ? ಇನ್ನೂ ಇದೆ ಅತ್ತೆ. ಮುಗಿಯದೇ ಇದ್ದರೆ ಒಳ್ಳೆಯದಿತ್ತೇನೋ, ಪ್ಯಾಕೆಟ್ಟುಗಳಲ್ಲಿ ಬಿಡಿಭಾಗಗಳು ತೀರದೇ ಬರುತ್ತಲೇ ಇದ್ದಿದ್ದರೆ, ಆದರೆ ಒಂದು ದಿನ ಮುಗಿಯಿತು, ಬ್ಯಾಟರಿ ಸಿಕ್ಕಿಸಿದಳು, ಮಾಳಿಗೆಗೆ ಒಯ್ದಳು, ರಿಮೋಟಿನ ಕಡ್ಡಿಯನ್ನು ಒಂಚೂರು ಮೇಲೆ ಒತ್ತಿದಳು, ರೆಕ್ಕೆ ತಿರುಗಿತು, ಬೂದುಬಣ್ಣದ ತಟ್ಟೆಯಾಯಿತು, ಮತ್ತೆ ಇಡೀ ಮೈ ದೆವ್ವ ಬಡಿದ ಹಾಗೆ ಗಿರಗಿರನೆ ತಿರುಗಿ ಕಟ್ಟೆಗೆ ಹೋಗಿ ಬಡಿಯಿತು.

ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೂ ಗೊತ್ತಾಗುವುದಿಲ್ಲ, ರಸಾಯನಶಾಸ್ತ್ರ ಓದುವಾಗ ಮೇಷ್ಟ್ರು ತಲೆಗೆ ಮೊಳೆ ಹೊಡೆದ ಹಾಗೆ ಹೇಳಿದ್ದು, ಆ ಒಂದು ಮಾತಿನಿಂದಲೇ ಅವಳ ಅನ್ನ ಹುಟ್ಟುತ್ತಿದೆ, ಈಗಲೂ ಹಾಗೇ ಮಾಡುತ್ತಾಳೆ, ರೆಕ್ಕೆ ಎರಡನ್ನೂ ಪೆನ್ಸಿಲ್ ಮೇಲಿಟ್ಟು ತೂಗಿದಳು, ಹಗುರವಾದದ್ದಕ್ಕೆ ಒಂದು ಚೂರು ಟೇಪು ಅಂಟಿಸಿದಳು, ಹಲ್ಲುಚಕ್ರಗಳ ನಡುವೆ ಕಾಗದದ ಪಟ್ಟಿ ತೂರಿಸಿ ಸಂದು ಸರಿಯಿದೆಯೇ ನೋಡಿದಳು, ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದಳು, ರೆಕ್ಕೆಯ ಓರೆ ಬದಲಿಸುವ ಪುಟ್ಟ ಸರ್ವೊ ಮೋಟಾರಿನ ಕಡ್ಡಿ ಅರ್ಧ ಸುತ್ತು ಗಿಡ್ಡ ಮಾಡಿದಳು, ಮತ್ತೆ ಅರ್ಧ ಸುತ್ತು ಉದ್ದ ಮಾಡಿದಳು, ಏನು ಮಾಡಿದರೂ ಬಾಲ ನಿಲ್ಲದು. ಹಲ್ಲಿನ ಡಾಕ್ಟರಿಗೆ ಫೋನು ಮಾಡಿದಳು — ಅವನ ಹಾರಾಟದ ಗೆಳೆಯರಲ್ಲಿ ಹಿರಿಯರು, ಭಾನುವಾರ ಸಂಜೆಯಾದರೆ ಊರಾಚೆಯ ಖಾಲಿ ಮೈದಾನದಲ್ಲಿ ಕುರ್ಚಿ ಹಾಕಿಕೊಂಡು ಆಕಾಶ ನೋಡುವವರು, ವಾರವೆಲ್ಲ ಬೇರೆಯವರ ಬಾಯಿ ನೋಡಿ ಬೇಜಾರಾಗಿರುತ್ತೆ ನೋಡಮ್ಮಾ ಅನ್ನುವವರು — ಅವರು ಕೇಳಿದರು, ಗೈರೊ ಉಲ್ಟಾ ಮಾಡಿ ನೋಡಿದ್ರಾ? ಗೈರೊ ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿ, ಬಾಲ ಎತ್ತ ಹೊರಳಿದರೂ ಅದನ್ನು ತಿಳಿದು ಎದುರು ದಿಕ್ಕಿಗೆ ತಳ್ಳಿಸುವುದು ಅದರ ಕೆಲಸ, ಅದರ ಮೈಮೇಲೊಂದು ಸ್ವಿಚ್ಚು, ಉಗುರಿನಿಂದ ಆ ಕಡೆ ನೂಕಿದಳು, ಹುಚ್ಚು ನಿಂತಿತು. ಪೂರ್ತಿ ನಿಲ್ಲಲಿಲ್ಲ. ಅವನ ತಿರುಗುವ ಕುರ್ಚಿಯನ್ನು ಮಾಳಿಗೆಗೆ ಹೊತ್ತು ಅದರ ಮೇಲೆ ಹೆಲಿಕಾಪ್ಟರು ಕಟ್ಟಿ ನೋಡುತ್ತಾಳೆ, ಹಗ್ಗದಿಂದ ಬಿಗಿಯಾಗಿ, ಕುರ್ಚಿ ಅದರ ಜೊತೆ ತಿರುಗುತ್ತದೆ, ತಿರುಗದಿದ್ದರೆ ಬಾಲ ಸರಿಯಿದೆ ಎಂದು ಅರ್ಥ, ಕುರ್ಚಿ ನಿಲ್ಲುತ್ತದೆ, ತಡೆಯುತ್ತದೆ, ನಾಯಿ ಬಾಲದ ಹಾಗೆ ಆಚೆ ಈಚೆ ಆಡುತ್ತದೆ, ಸ್ವಲ್ಪ ಹೆಚ್ಚು ಒತ್ತಿದರೆ ಸೋತು ಹೊರಳುತ್ತದೆ, ಖಾಲಿ ಕುರ್ಚಿ ನಿಧಾನವಾಗಿ ಅವಳ ಕಡೆಗೆ ಮುಖ ಮಾಡಿ, ಬೆನ್ನು ಮಾಡಿ, ಮತ್ತೆ ಮುಖ ಮಾಡಿ. ಡಾಕ್ಟರಿಗೆ ವೀಡಿಯೊ ಕಳಿಸಿದಳು. ಬಲ ಸಾಲ್ತಿಲ್ಲ ಕಣಮ್ಮಾ, ಗೈರೊ ಉಲ್ಟಾ ಮಾಡಿದ ಮೇಲೆ ನಿಂತಿತು ಅಂದರೆ ಬೇರೆಲ್ಲೋ ಇನ್ನೊಂದು ಉಲ್ಟಾ ಇದೆ, ಬಾಲ ಬಿಚ್ಚಿ ನೋಡಿದ್ರಾ ಅಂದರು. ನೋಡಿದೆ ಅಂದಳು. ಬೆಲ್ಟು ಸರಿ ಇದೆಯಾ? ಸರಿ ಇದೆ. ಆಚೆ ಕಡೆ ಅವರು ಹಲ್ಲು ನೋಯಲ್ಲ ಅನ್ನುವ ರೋಗಿಯ ಬಾಯಿಯನ್ನು ನೋಡುವ ಹಾಗೆ ಫೋನನ್ನು ನೋಡುತ್ತಿದ್ದರೋ ಏನೋ, ಆಮೇಲೆ, ಹಾಗಾದ್ರೆ ಭಾನುವಾರ ನಾನೇ ಬರ್ತೀನಿ, ತಗೊಂಡು ಮೈದಾನಕ್ಕೆ ಹೋಗೋಣ, ಅಲ್ಲೂ ಹಟ ಮಾಡಿದ್ರೆ ನಾನೇ ಬಿಚ್ಚಿ ನೋಡ್ತೀನಿ, ಅತ್ತೆಯವರನ್ನೂ ಕರ್ಕೊಂಡು ಬನ್ನಿ. ಇವತ್ತು ಭಾನುವಾರ. ಬಿಸಿಲು ಕಿಟಕಿಯ ಕೆಳಗಿನ ಸರಳಿಗೆ ಇಳಿದಿದೆ. ಡಾಕ್ಟರ ಕೈ ಒಳ್ಳೆಯ ಕೈ, ದಪ್ಪ ಬೆರಳಾದರೂ ಹಗುರ, ಆ ಬೆರಳು ಬಾಲಕ್ಕೆ ಹೋಗುತ್ತದೆ, ಹಲ್ಲುಕಡ್ಡಿ ಇಡುತ್ತದೆ, ತಿರುಗಿಸುತ್ತದೆ, ಗೆರೆ —

ಗೆರೆ ಅಲ್ಲೇ ಇದೆ. ಉದ್ದ ಕೊಳವೆಯ ತುದಿಗೆ ಕಪ್ಪು ಡಬ್ಬಿ, ಡಬ್ಬಿಯ ಪಕ್ಕಕ್ಕೆ ಬಾಲದ ಎರಡು ಪುಟ್ಟ ರೆಕ್ಕೆ, ಡಬ್ಬಿಯ ಬಾಯಿ ಮುಚ್ಚಿದ ಒಂದೇ ಒಂದು ಸ್ಕ್ರೂ, ಆ ಸ್ಕ್ರೂವಿನ ತಲೆಯ ಮೇಲಿಂದ ಹಾದು ಡಬ್ಬಿಯ ಮೈಮೇಲೆ ಇಳಿದ ಕೆಂಪು ಗೆರೆ. ಅವಳ ಉಗುರಿನ ಬಣ್ಣ. ಚೌಕಟ್ಟಿನ ಸ್ಕ್ರೂಗಳಿಗೆಲ್ಲ ಸಡಿಲವಾಗದಿರಲೆಂದು ಅಂಗಡಿಯ ನೀಲಿ ಅಂಟು ಹಾಕಿದ್ದ, ಕೊನೆಯದಕ್ಕೆ ಅಂಟು ಮುಗಿದಿತ್ತು, ಅವಳು ಎದುರು ಕುರ್ಚಿಯಲ್ಲಿ ಕಾಲು ಮಡಿಸಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು, ಎಡಗೈ ಮುಗಿದು ಬಲಗೈಗೆ ಬಂದಿತ್ತು, ತಟ್ಟನೆ ಬ್ರಷ್ಷು ಕಿತ್ತುಕೊಂಡು ಸ್ಕ್ರೂ ಮೇಲೆ ಒಂದು ಗೆರೆ ಎಳೆದ, ಅಯ್ಯೋ ಏನೋ ನಿಂದು, ನೋಡೇ, ವಿಮಾನದ ಮೆಕ್ಯಾನಿಕ್ಕುಗಳು ಹೀಗೇ ಮಾಡೋದು, ಅರ್ಧ ಗೆರೆ ಸ್ಕ್ರೂ ಮೇಲೆ, ಅರ್ಧ ಡಬ್ಬಿ ಮೇಲೆ, ಸ್ಕ್ರೂ ಒಂದು ಕೂದಲಷ್ಟು ಸಡಿಲ ಆದ್ರೂ ಗೆರೆ ಮುರಿದು ಹೋಗಿರುತ್ತೆ, ದೂರದಿಂದಲೇ ಗೊತ್ತಾಗುತ್ತೆ, ಗೆರೆ ನೆಟ್ಟಗಿದ್ರೆ ಎಲ್ಲಾ ನೆಟ್ಟಗಿದೆ ಅಂತ ಅರ್ಥ. ಅವಳ ಬಲಗೈಯ ಉಗುರು ಹಾಗೇ ಉಳಿದವು. ಮರುದಿನ ಆಸ್ಪತ್ರೆಯಲ್ಲಿ ಒಬ್ಬ ನರ್ಸು ಅವಳ ಕೈ ಹಿಡಿದುಕೊಂಡಳು, ಎಡಗೈ, ಹಿಡಿದವಳ ಕಣ್ಣು ಕೆಂಪು ಉಗುರಿನ ಮೇಲೆ ಹೋಗಿ ವಾಪಸು ಬಂತು. ಆಫೀಸಿನ ಲಿಫ್ಟಿನಲ್ಲಿ ಕುಸಿದಿದ್ದನಂತೆ, ಬಾಗಿಲು ತೆರೆದಾಗ ಕೂತ ಹಾಗೇ ಇದ್ದನಂತೆ, ಮಿದುಳಿನಲ್ಲಿ ಒಂದು ರಕ್ತನಾಳ ಒಡೆದಿತ್ತು, ಡಾಕ್ಟರು ಕೇಳಿದರು, ಹಲ್ಲಿನವರಲ್ಲ, ಅಲ್ಲಿನವರು, ಹಿಂದಿನ ದಿನ ಏನಾದರೂ ಸೂಚನೆ ಇತ್ತಾ, ತಲೆನೋವು, ಕಣ್ಣು ಮಂಜಾಗೋದು, ಕೈಕೆಲಸದಲ್ಲಿ ತಪ್ಪಾಗೋದು? ಏನೂ ಇರಲಿಲ್ಲ ಅಂದಳು. ಏನೂ ಇರಲಿಲ್ಲ. ಕೈಕೆಲಸದಲ್ಲಿ ತಪ್ಪು ಅವನಿಗೆ ಗೊತ್ತೇ ಇಲ್ಲ, ಹಾಲಿನ ಪ್ಯಾಕೆಟ್ಟನ್ನೂ ಗೆರೆ ಹಿಡಿದು ಕತ್ತರಿಸುವವನು, ಮಡಿಸಿದ ನಕ್ಷೆಯನ್ನು ಮೊದಲಿದ್ದ ಹಾಗೇ ಮಡಿಸುವವನು. ಏನೂ ಇರಲಿಲ್ಲ, ಆದರೆ ಒಂದು ಸಲ ಅಂದಿದ್ದ, ಲೈಟ್ ಹಾಕೇ. ಹಾಕಿದೆಯಲ್ಲೋ. ಓ ಹೌದಾ ಅಂದ. ಮತ್ತೆ ಸ್ವಲ್ಪ ಹೊತ್ತಿಗೆ, ಲೈಟ್ ಹಾಕೇ. ಅವಳು ತಮಾಷೆ ಅಂದುಕೊಂಡು ಒದ್ದೆ ಉಗುರು ಗೋಡೆಗೆ ತಾಗದ ಹಾಗೆ ಮೊಣಕೈಯಿಂದ ಸ್ವಿಚ್ಚು ಆರಿಸಿ ಮತ್ತೆ ಹಾಕಿದ್ದಳು, ಹಾಂ ಈಗ ಸರಿ ಅಂದ.

ಬೆಲ್ಟು ಒಳಗಿದೆ. ಮುಂದಿನ ಮೋಟಾರಿನಿಂದ ಹಿಂದಿನ ರೆಕ್ಕೆಯವರೆಗೆ ಕೊಳವೆಯೊಳಗೆ ಓಡುವ ಹಲ್ಲಿನ ಬೆಲ್ಟು, ಅದನ್ನು ಹಾಕುವಾಗ ಕಾಲು ಸುತ್ತು ತಿರುಚಬೇಕು, ಎಡಕ್ಕೆ ತಿರುಚಬೇಕು ಎಂದು ಕೈಪಿಡಿಯಲ್ಲಿ ಬಾಣದ ಗುರುತಿದೆ, ಬಲಕ್ಕೆ ತಿರುಚಿದರೆ ಬಾಲದ ರೆಕ್ಕೆ ಹಿಂದುಮುಂದಾಗಿ ತಿರುಗುತ್ತದೆ, ತಳ್ಳಬೇಕಾದ ಕಡೆಗೆ ಎಳೆಯುತ್ತದೆ, ಇದು ಇಲ್ಲಿ ಎಲ್ಲರೂ ಮಾಡುವ ತಪ್ಪು, ಹೊಸಬರು ಮಾಡುವ ತಪ್ಪು, ಮೈದಾನದಲ್ಲಿ ಯಾರಾದರೂ ಹಾಗೆ ಮಾಡಿ ತಂದರೆ ಅವನು ಮನೆಗೆ ಬಂದು ಹೇಳಿ ನಗುತ್ತಿದ್ದ. ಅವಳಿಗೆ ಗೊತ್ತು. ಬಿಚ್ಚದೆಯೂ ನೋಡಬಹುದು ಎಂದೂ ಗೊತ್ತು, ಮೇಲಿನ ದೊಡ್ಡ ರೆಕ್ಕೆಯನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ಬಾಲದ ರೆಕ್ಕೆ ಎತ್ತ ತಿರುಗುತ್ತದೆ ಎಂದು ನೋಡಿದರೆ ಆಯಿತು, ಅಷ್ಟೇ, ಸಣ್ಣ ಮಗುವೂ ನೋಡಬಹುದು. ಇಷ್ಟು ದಿನ ದೊಡ್ಡ ರೆಕ್ಕೆಯನ್ನು ಎಷ್ಟು ಸಲ ತಿರುಗಿಸಿಲ್ಲ, ತಿರುಗಿಸಿದಾಗೆಲ್ಲ ಕಣ್ಣು ಹಲ್ಲುಚಕ್ರದ ಮೇಲೆ, ಬೇರಿಂಗಿನ ಮೇಲೆ, ತನ್ನ ಬೆರಳಿನ ಮೇಲೆ, ಹಿಂದಕ್ಕೆ ಹೋಗಿಲ್ಲ, ಡಾಕ್ಟರಿಗೆ ನೋಡಿದೆ ಅಂದದ್ದು ಸುಳ್ಳು. ಬಾಲ ಮುಟ್ಟಬಾರದು, ಎಲ್ಲ ಬದಲಾಯಿಸುವಾಗ ಒಂದನ್ನು ಹಾಗೇ ಇಟ್ಟುಕೊಂಡು ಅದಕ್ಕೆ ಹೋಲಿಸಬೇಕು, ಪ್ರಯೋಗದ ನಿಯಮ — ನಿಯಮವಂತೆ, ಮಣ್ಣು. ಹೆದರಿಕೆ ಬೇರೆಯದು. ಬೆಲ್ಟು ಸರಿಯಿದ್ದರೆ ಆ ಸಂಜೆ ಅವನು ಪೂರ್ತಿ ಇಲ್ಲೇ ಇದ್ದ, ತನ್ನ ಕುರ್ಚಿಯಲ್ಲಿ, ಅವಳ ಎದುರು. ಬೆಲ್ಟು ತಪ್ಪಿದ್ದರೆ ಸೂಚನೆ ಇತ್ತು, ಅವನ ಕೈಗೆ ಗೊತ್ತಿತ್ತು, ಅವಳು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಾಗ ಅವನು ಆಗಲೇ ಹೊರಟಿದ್ದ. ಅಥವಾ ಕೈ ತಪ್ಪಿದ್ದು ನಕ್ಕಿದ್ದಕ್ಕೆ ಇರಬಹುದು. ನಗಿಸುತ್ತಿದ್ದಳಲ್ಲ, ಅವತ್ತು ಪ್ರಯೋಗಾಲಯಕ್ಕೆ ಒಬ್ಬರು ಬಂದಿದ್ದರು, ಹಳೇ ಸೆಂಟಿನ ಬಾಟಲಿಯಲ್ಲಿ ಬಾವಿ ನೀರು ತುಂಬಿಸಿಕೊಂಡು, ನಮ್ಮ ಬಾವಿ ನೀರು ಮಲ್ಲಿಗೆ ವಾಸನೆ ಬರುತ್ತೆ ಮೇಡಂ, ನೀವು ಬರೆದು ಕೊಡಿ, ಪೇಪರಿನವರನ್ನ ಕರೆಸ್ತೀನಿ. ಅದನ್ನು ಅವರ ಗತ್ತಿನಲ್ಲೇ ಹೇಳಿದಳು, ಅವನು ಬೆಲ್ಟು ಹಿಡಿದುಕೊಂಡೇ ನಕ್ಕ, ಭುಜ ಕುಲುಕಿಸಿ, ಕಣ್ಣಲ್ಲಿ ನೀರು ಬಂತು, ತೋಳಿನಿಂದ ಒರೆಸಿಕೊಂಡ, ಸಾಕು ಮಾರಾಯ್ತಿ, ಕೈ ನಡುಗ್ತಿದೆ. ಕೈ ನಡುಗ್ತಿದೆ ಅಂದನಲ್ಲ. ನಗುವಿಗೆ ನಡುಗಿತ್ತೋ —

ನಿನ್ನ ಸವತಿ ಊಟ ಮಾಡಿದ್ಲಾ? ಅತ್ತೆಯ ದನಿ ಬೆನ್ನ ಹಿಂದೆ. ಅವಳ ಕೈಯಿಂದ ಅಲೆನ್ ಕೀ ಜಾರಿ ಪೇಪರಿನ ಮೇಲೆ ಬಿತ್ತು. ಸವತಿ. ಅವನಿದ್ದಾಗ ಅತ್ತೆ ಇದಕ್ಕೆ ಇಟ್ಟಿದ್ದ ಹೆಸರು, ಪೆಟ್ಟಿಗೆ ಮನೆಗೆ ಬಂದ ದಿನವೇ ಇಟ್ಟದ್ದು, ನೋಡೇ, ಕಣ್ಣೆದುರಿಗೇ ಸವತಿ ತಂದು ಕೂರಿಸ್ಕೊಂಡ, ನೀನು ನಕ್ಕೊಂಡು ಕೂತಿದ್ದೀಯ, ಅವನು ಹೋದ ಮೇಲೆ ಅತ್ತೆ ಆ ಮಾತನ್ನು ಎಲ್ಲಿಟ್ಟುಕೊಂಡಿದ್ದರೋ, ಅದು ಅಂತಿದ್ದರು ಅಷ್ಟೇ, ಅದನ್ನ ಮೇಲೆ ಎತ್ತಿಡು, ಅದರ ಮೇಲೆ ಧೂಳು ಕೂರುತ್ತೆ, ಇವತ್ತು ಬಾಯಿಗೆ ಬಂದಿದೆ, ಬಂದದ್ದು ಅವರಿಗೇ ಗೊತ್ತಾಗಲಿಲ್ಲವೋ, ಗೊತ್ತಾಗಿಯೇ ಅಂದರೋ, ಒಗೆದ ಸೀರೆ ಉಟ್ಟು ತಲೆ ಬಾಚಿ ಸಿದ್ಧವಾಗಿ ನಿಂತಿದ್ದಾರೆ, ಕಾಲಿಗೆ ಹೊರಗೆ ಹೋಗುವ ಚಪ್ಪಲಿ, ಮನೆಯೊಳಗೇ. ಬ್ಯಾಟರಿ ತುಂಬಿದೆ ಅತ್ತೆ, ಊಟ ಆದ ಹಾಗೇ ಅಂದಳು. ಮತ್ತೇನು ಮುಖ ನೋಡ್ತಾ ಕೂತಿದ್ದೀಯ? ಬಾಲ ನಿಲ್ತಿಲ್ಲ. ಬಾಲ ನಿಲ್ಲದಿದ್ರೆ ಹಿಡ್ಕೊಂಡು ಒಂದು ಕೊಡು, ನಮ್ಮಪ್ಪನ ಮನೇಲಿ ಒಂದು ಕರು ಹಾಗೇ ಇತ್ತು. ಅತ್ತೆ ಕುರ್ಚಿ ಎಳೆದುಕೊಂಡು ಕೂತರು, ಅವನ ಕುರ್ಚಿಯಲ್ಲ, ಅದು ಮಾಳಿಗೆಯಲ್ಲಿದೆ, ಬಿಸಿಲಲ್ಲಿ. ನೋಡು, ನಾನು ಹೇಳೋದು ಕೇಳು, ಅತ್ತೆ ಅನ್ನುತ್ತಾರೆ, ಮೇಜಿನ ಮೇಲಿನ ಪೇಪರಿನ ಮೂಲೆಯನ್ನು ಬೆರಳಿನಿಂದ ನೀವುತ್ತ, ಒಂದೇ ಒಂದು ಸಲ ಹಾರಲಿ, ಆಳೆತ್ತರ ಹಾರಿದ್ರೂ ಸಾಕು, ನನ್ನ ಕಣ್ಣಿಗೆ ಬೀಳಲಿ, ಅದಕ್ಕೇ ಅಂತ ಎಷ್ಟು ರಾತ್ರಿ ನಿದ್ದೆಗೆಟ್ಟ ಆ ಕತ್ತೆ, ನಾನು ಎಷ್ಟು ಬೈದೆ, ಆಮೇಲೆ ನೀನು ಅದನ್ನ ಯಾರಿಗಾದ್ರೂ ಕೊಡು, ಇಟ್ಕೊ, ನಾನು ಕೇಳಲ್ಲ. ಹಾರುತ್ತೆ ಅತ್ತೆ. ಯಾವಾಗ? ಇವತ್ತು. ಮಾತು ಹೊರಗೆ ಬಂದುಬಿಟ್ಟಿತು, ಈಗ ಅದು ಮೇಜಿನ ಮೇಲಿದೆ, ಸ್ಕ್ರೂಗಳ ಡಬ್ಬಿಯ ಪಕ್ಕದಲ್ಲಿ, ಹಾರಬೇಕಾದರೆ ಗೆರೆ ಮುರಿಯಬೇಕು, ಗೆರೆ ಉಳಿಯಬೇಕಾದರೆ ಹಾರಬಾರದು, ಡಾಕ್ಟರು ಬಂದರೆ ಹೇಗೂ ಮುರಿಯುತ್ತಾರೆ, ಮಾತಾಡುತ್ತ, ಹಾಸ್ಯ ಮಾಡುತ್ತ, ಏನೂ ತಿಳಿಯದೇ, ಮೈದಾನದ ಧೂಳಿನಲ್ಲಿ. ಬೇರೆಯವರ ಬೆರಳು. ಅದಾಗದು, ಅದೊಂದು ಆಗದು.

ಬಲಗೈಯಿಂದ ದೊಡ್ಡ ರೆಕ್ಕೆಯ ತುದಿ ಹಿಡಿದಳು, ತಿರುಗಿಸುತ್ತಾಳೆ, ನಿಧಾನವಾಗಿ, ಗಡಿಯಾರದ ಮುಳ್ಳು ಹೋಗುವ ಕಡೆಗೆ, ಕಣ್ಣು ಮೊದಲು ಬೆರಳ ಮೇಲೆ, ಆಮೇಲೆ ಹಲ್ಲುಚಕ್ರದ ಮೇಲೆ, ಆಮೇಲೆ ಕೊಳವೆಯ ಮೇಲೆ ಇಂಚಿಂಚಾಗಿ ಹಿಂದಕ್ಕೆ, ಕಪ್ಪು ಡಬ್ಬಿ, ಗೆರೆ, ಗೆರೆಯ ಪಕ್ಕದಲ್ಲಿ ಎರಡು ಪುಟ್ಟ ರೆಕ್ಕೆ ಸಾವಕಾಶವಾಗಿ, ಅವಸರವೇ ಇಲ್ಲದೆ ತಿರುಗುತ್ತಿವೆ. ಹಿಂದುಮುಂದಾಗಿ. ಮೊಂಡು ಅಂಚು ಮುಂದೆ, ಚೂಪು ಅಂಚು ಹಿಂದೆ ಬರಬೇಕು, ಚೂಪು ಅಂಚು ಮುಂದೆ ಬರುತ್ತಿದೆ. ನಿಲ್ಲಿಸಿದಳು. ಮತ್ತೆ ತಿರುಗಿಸಿದಳು, ಒಂದು ಸಲದ ಫಲಿತಾಂಶ ಫಲಿತಾಂಶವಲ್ಲ. ಮತ್ತೂ ಹಾಗೇ. ಏನಾಯ್ತೇ ಅಂದರು ಅತ್ತೆ. ಉಲ್ಟಾ ಹಾಕಿದ್ದಾನೆ ಅತ್ತೆ, ಬೆಲ್ಟು. ಯಾರು? ಅವನು. ತನ್ನ ದನಿ ತನಗೇ ಪ್ರಯೋಗಾಲಯದಿಂದ ಬಂದ ಹಾಗೆ ಕೇಳಿಸಿತು, ಮಾದರಿಯಲ್ಲಿ ಕಬ್ಬಿಣದ ಅಂಶ ಇದೆ, ಕುಡಿಯಲು ಯೋಗ್ಯವಲ್ಲ. ಅಲೆನ್ ಕೀ ಎತ್ತಿಕೊಂಡಳು, ಸ್ಕ್ರೂವಿನ ತಲೆಯ ಕುಳಿಗೆ ಇಟ್ಟಳು, ಕುಳಿಯ ಅಂಚಿನಲ್ಲಿ ಕೆಂಪು ಸ್ವಲ್ಪ ಒಳಗೆ ಇಳಿದಿದೆ, ಅವಸರದಲ್ಲಿ ಎಳೆದ ಗೆರೆ, ಒಂದು ಕಡೆ ದಪ್ಪ, ಒಂದು ಕಡೆ ಬ್ರಷ್ಷಿನ ಕೂದಲ ಗುರುತು. ಒತ್ತಿದಳು. ತಿರುಗದು. ಇನ್ನೊಂದಿಷ್ಟು. ಚಿಟ್ ಅಂತು. ಅಷ್ಟೇ ಸದ್ದು, ಮೊಟ್ಟೆಯ ಸಿಪ್ಪೆಯಷ್ಟೂ ಇಲ್ಲ, ಗೆರೆ ಎರಡಾಯಿತು, ಅರ್ಧ ಸ್ಕ್ರೂ ಜೊತೆ ಹೋಯಿತು, ಅರ್ಧ ಉಳಿಯಿತು. ಕೈ ನಿಲ್ಲಲಿಲ್ಲ, ಕೈ ತನ್ನ ಪಾಡಿಗೆ ತಾನು ತಿರುಗಿಸುತ್ತ ಹೋಯಿತು, ಸ್ಕ್ರೂ ಬಂತು, ಡಬ್ಬಿ ಎರಡು ಹೋಳಾಯಿತು, ಬೆಲ್ಟು ಸಡಿಲವಾಗಿ ಹೊರಗೆ ಇಣುಕಿತು, ಬಲಕ್ಕೆ ತಿರುಚಿಕೊಂಡು, ಅಚ್ಚುಕಟ್ಟಾಗಿ, ಹಲ್ಲಿಗೆ ಹಲ್ಲು ಕೂತು, ಎಲ್ಲೂ ಮಡಿಕೆಯಿಲ್ಲ, ತಪ್ಪನ್ನೂ ಎಷ್ಟು ಚೆನ್ನಾಗಿ ಮಾಡಿದ್ದಾನೆ. ನಡುಗಿದ ಕೈಯ ಕೆಲಸದ ಹಾಗಿಲ್ಲ. ಹಾಗಾದರೆ ಮಂಜಾದ ಕಣ್ಣಿನದೋ, ಲೈಟ್ ಹಾಕೇ, ಹಾಕಿದೆಯಲ್ಲೋ, ಮೇಲಿನ ಮನೆಯ ಯಂತ್ರ ಇನ್ನೂ ತಿರುಗುತ್ತಿದೆ, ಎಷ್ಟು ಬಟ್ಟೆ ಇದೆ ಆ ಮನೆಯಲ್ಲಿ.

ಅತ್ತೆ ಕನ್ನಡಕ ಮೂಗಿನ ತುದಿಗೆ ತಂದುಕೊಂಡು ಬಗ್ಗಿ ನೋಡಿದರು. ಏನು ಉಲ್ಟಾ? ಇದನ್ನ ಎಡಕ್ಕೆ ತಿರುಚಬೇಕಿತ್ತು ಅತ್ತೆ, ಬಲಕ್ಕೆ ತಿರುಚಿದ್ದಾನೆ. ಅಷ್ಟೇನಾ ಅಂದರು ಅತ್ತೆ, ಅಷ್ಟೇನಾ, ನಾನೇನೋ ಅಂದ್ಕೊಂಡೆ, ಅವನಿಗೆ ಯಾವತ್ತು ಎಡ ಬಲ ಗೊತ್ತಾಗಿತ್ತು ಹೇಳು. ಅವಳು ತಲೆಯೆತ್ತಿದಳು. ನಿನಗೆ ಗೊತ್ತಿಲ್ವಾ? ಹೇಳಿಲ್ವಾ ಕಳ್ಳ? ಸ್ಕೂಲಿಗೆ ದಿನಾ ಶೂ ಉಲ್ಟಾ ಹಾಕ್ಕೊಂಡು ಹೋಗೋನು, ಕಾಲು ನೋಯುತ್ತೆ ಅಂತ ಅಳೋನು, ಶೂ ಬಿಚ್ಚೋನಲ್ಲ, ಡ್ರಿಲ್ಲಲ್ಲಿ ಎಲ್ಲಾ ಎಡಕ್ಕೆ ತಿರುಗಿದ್ರೆ ಇವನೊಬ್ಬ ಪಕ್ಕದವನ ಮೂಗಿಗೆ ಮೂಗು ಕೊಟ್ಟು ನಿಂತಿರೋನು, ಮೇಷ್ಟ್ರು ಹೊಡೆದು ಹೊಡೆದು ಸುಸ್ತಾದ್ರು, ಕೊನೆಗೆ ಅವರಪ್ಪ ಒಂದು ವಾಚು ಕಟ್ಟಿದ್ರು, ನೋಡು ಮಗಾ, ವಾಚಿರೋದು ಎಡ, ಇಲ್ಲದ್ದು ಬಲ, ಅದಾದ್ಮೇಲೆ ಸ್ನಾನಕ್ಕೆ ಹೋದ್ರೂ ಬಿಚ್ಚುತ್ತಿರಲಿಲ್ಲ. ಅತ್ತೆ ನಗುತ್ತಿದ್ದಾರೆ, ಸೆರಗನ್ನು ಬಾಯಿಗೆ ಒತ್ತಿಕೊಂಡು, ಇಷ್ಟು ದಿನಗಳಲ್ಲಿ ಮೊದಲ ಸಲ. ವಾಚು. ಬೈಕಿನಲ್ಲಿ ಹಿಂದೆ ಕೂತು ಮುಂದೆ ಎಡಕ್ಕೆ ಹೋಗು ಅಂದರೆ ಒಂದು ಕ್ಷಣ ಹ್ಯಾಂಡಲ್ ಬಿಟ್ಟು ಮಣಿಕಟ್ಟು ಮುಟ್ಟಿಕೊಳ್ಳುತ್ತಿದ್ದ, ಅವಳು ಅಂದುಕೊಂಡದ್ದು ಹೊತ್ತಾಯಿತೆಂದು ನೋಡಿಕೊಳ್ಳುತ್ತಾನೆ ಎಂದು, ಯಾಕೋ ಅಷ್ಟು ಅವಸರ ಅಂದರೆ ನಗುತ್ತಿದ್ದ, ಒಂದು ಸಲವೂ ಹೇಳಲಿಲ್ಲ, ಗೆರೆ ಹಿಡಿದು ಹಾಲಿನ ಪ್ಯಾಕೆಟ್ಟು ಕತ್ತರಿಸುವವನು, ತಪ್ಪನ್ನೇ ಮಾಡದವನು, ದಿನಾ ಮಣಿಕಟ್ಟಿಗೆ ಕೇಳಿ ಕೇಳಿ ನಡೆದದ್ದು. ವಾಚು ಇಲ್ಲೇ ಇದೆ, ಸ್ಕ್ರೂಗಳ ಡಬ್ಬಿಯಲ್ಲಿ, ಇಷ್ಟು ದಿನವೂ ಅಲ್ಲೇ, ಆ ಸಂಜೆ ಗ್ರೀಸು ತಾಗುತ್ತದೆಂದು ಬಿಚ್ಚಿಟ್ಟದ್ದು, ಬೆಳಿಗ್ಗೆ ಮರೆತು ಹೋದದ್ದು, ಅವಳು ಸ್ಕ್ರೂ ಹುಡುಕುವಾಗಲೆಲ್ಲ ಅದನ್ನು ಆಚೆ ಸರಿಸಿದ್ದಾಳೆ, ಇನ್ನೂ ನಡೆಯುತ್ತಿದೆ. ಹಾಗಾದರೆ ಅದಕ್ಕೇ. ಕೈಯಲ್ಲಿ ವಾಚಿರಲಿಲ್ಲ, ಎಡ ಯಾವುದೆಂದು ಅವಳನ್ನು ಕೇಳಲಾರದೆ ಅಂದಾಜಿಗೆ ಒಂದು ಕಡೆ ತಿರುಚಿದ, ಅಷ್ಟೇನಾ. ಅಷ್ಟೇ ಇರಬಹುದು. ಆದರೆ ಎರಡು ಸಲ ಲೈಟ್ ಹಾಕು ಅಂದನಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಆಗಬೇಕಿತ್ತು, ಆ ಸಂಜೆ ಎಲ್ಲ ಒಟ್ಟಿಗೇ ಇದ್ದವು, ನಗು, ಲೈಟು, ಬಿಚ್ಚಿಟ್ಟ ವಾಚು, ಯಾವುದರಿಂದ ಏನಾಯಿತೆಂದು ಇನ್ನು ಯಾರೂ ಬಿಡಿಸಿ ಹೇಳಲಾರರು.

ವಾಚನ್ನು ಎಡಗೈಗೆ ಹಾಕಿಕೊಂಡಳು, ದೊಡ್ಡದು, ಮೊಣಕೈವರೆಗೆ ಜಾರುತ್ತದೆ, ಅತ್ತೆ ಕನ್ನಡಕ ಮೇಲೇರಿಸಿ ನೋಡಿದರು. ಬೆಲ್ಟನ್ನು ಬಿಡಿಸಿ, ನೆಟ್ಟಗೆ ಮಾಡಿ, ವಾಚಿರುವ ಕಡೆಗೆ ಕಾಲು ಸುತ್ತು ತಿರುಚಿದಳು, ಹಲ್ಲಿಗೆ ಹಲ್ಲು ಕೂರಿಸಿದಳು, ಹಿಡ್ಕೊಳ್ಳಿ ಅತ್ತೆ ಅಂದಳು, ಅತ್ತೆ ಕೊಳವೆಯನ್ನು ಎರಡೂ ಕೈಯಿಂದ ಹಿಡಿದುಕೊಂಡರು, ಸವತಿ ಮೈ ತಣ್ಣಗಿದೆ ಕಣೇ. ಡಬ್ಬಿಯ ಹೋಳುಗಳನ್ನು ಕೂಡಿಸಿದಳು. ದೊಡ್ಡ ರೆಕ್ಕೆ ತಿರುಗಿಸಿದಳು, ಬಾಲದ ರೆಕ್ಕೆ ಮೊಂಡು ಅಂಚು ಮುಂದೆ ಮಾಡಿಕೊಂಡು, ಏನೂ ಆಗೇ ಇಲ್ಲವೆಂಬಂತೆ, ಸರಿಯಾದ ಕಡೆಗೆ ಹೊರಟಿತು. ಗೈರೊದ ಸ್ವಿಚ್ಚನ್ನು ಉಗುರಿನಿಂದ ಮೊದಲಿದ್ದ ಕಡೆಗೆ ನೂಕಿದಳು, ಬಣ್ಣವಿಲ್ಲದ ಉಗುರು. ಇನ್ನು ಸ್ಕ್ರೂ. ಹೊರಗೆ ಕಾರು ನಿಂತ ಸದ್ದು, ಬಾಗಿಲು ಮುಚ್ಚಿದ ಸದ್ದು, ಮೆಟ್ಟಿಲ ಮೇಲೆ ಹಲ್ಲಿನ ಡಾಕ್ಟರ ಭಾರದ ಹೆಜ್ಜೆ, ರೆಡೀನಾ ಅಮ್ಮಾ ಪೈಲಟ್ಟು ಎಂದು ಕೆಳಗಿನಿಂದಲೇ ಕೂಗು, ಅತ್ತೆ ಕೊಳವೆ ಬಿಟ್ಟು ಎದ್ದರು, ಬಂದ್ರು ನೋಡು, ಬೇಗ ಬೇಗ. ಅವಳು ಸ್ಕ್ರೂ ಬಿಗಿ ಮಾಡುತ್ತಾಳೆ, ಒಂದು ಸುತ್ತು, ಇನ್ನೊಂದು, ಸ್ಕ್ರೂವಿನ ತಲೆಯ ಮೇಲಿನ ಅರ್ಧ ಗೆರೆ ಸುತ್ತಿ ಬರುತ್ತದೆ, ಡಬ್ಬಿಯ ಮೈಮೇಲಿನ ಅರ್ಧ ಗೆರೆ ಕಾಯುತ್ತಿದೆ, ಸುತ್ತಿ ಬರುತ್ತದೆ, ಹತ್ತಿರ, ಇನ್ನೂ ಹತ್ತಿರ, ಸ್ಕ್ರೂ ಬಿಗಿಯಾಗಿ ನಿಂತಿತು. ಕೂಡಲಿಲ್ಲ. ಇನ್ನೂ ಒಂದು ಕೂದಲಷ್ಟು ಬೇಕು. ಒತ್ತಿದಳು, ಪ್ಲಾಸ್ಟಿಕ್ಕು ಕಿರ್ ಅಂತು, ಇನ್ನು ಒತ್ತಿದರೆ ಡಬ್ಬಿ ಸೀಳುತ್ತದೆ, ಹಾರುವುದಿಲ್ಲ, ಅತ್ತೆ ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ. ಕೈ ತೆಗೆದಳು. ಮೇಲಿನ ಮನೆಯ ಯಂತ್ರ ನಿಂತಿದೆ, ಯಾವಾಗ ನಿಂತಿತೋ, ಬಾಗಿಲ ಬೆಲ್ಲು, ಅತ್ತೆ ಅಲ್ಲಿಂದ, ತೆಗೀಲಾ, ತೆಗೀರಿ ಅತ್ತೆ, ಬಂದೆ, ಹೆಲಿಕಾಪ್ಟರನ್ನು ತೋಳಿಗೆ ಎತ್ತಿಕೊಂಡಿದ್ದಾಳೆ, ಬಾಲ ಕಣ್ಣಿನ ಹತ್ತಿರಕ್ಕೆ ಬಂದಿದೆ, ಅರ್ಧ ಗೆರೆ ಸ್ಕ್ರೂ ಮೇಲೆ, ಅರ್ಧ ಗೆರೆ ಡಬ್ಬಿ ಮೇಲೆ, ಬಂದೆ, ನಡುವೆ ಒಂದು ಕೂದಲಷ್ಟು ಕಪ್ಪು, ಬಂದೆ ಅತ್ತೆ, ಅರ್ಧ ಗೆರೆ ಸ್ಕ್ರೂ ಮೇಲೆ, ಅರ್ಧ —